ಮೋಟರ್ ಇಡಲು ಜಾಗ

"ಅಕ್ಕಾ, ಎತ್ತರದ್ದು ಏನಾದ್ರೂ ಕೊಡಿ. ಇಟ್ಟಿಗೆ ಮುಳುಗೋಯ್ತು," ಎಂದ ಪಂಪಿನವನು. ನೆಲಮಾಳಿಗೆಯ ಮೊಣಕಾಲುದ್ದ ನೀರಿನಲ್ಲಿ ಮೋಟರನ್ನು ಎದೆಗೆ ಅವಚಿಕೊಂಡು ನಿಂತಿದ್ದ. "ನೆಲದಡಿಯ ನೀರು ಕರೆಯದೆ ಬರೋ ನೆಂಟನ ಥರ. ಎಷ್ಟು ಸಲ ಕಳಿಸಿದ್ರೂ ಬರತ್ತೆ."

ಗಂಡ ಸುತ್ತ ನೋಡಿದ. ಮೇಜು, ಕುರ್ಚಿ ಹಿಂದಿನ ಸಲವೇ ಕೊಳೆತುಹೋಗಿದ್ದವು. ಉಳಿದಿದ್ದು ಮೇಲಿನ ಹಲಗೆಯಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಮಗುವಿನ ಮಂಚ ಒಂದೇ. ಗೋಡೆ ಜಿನುಗಿದಾಗಲೆಲ್ಲ ಅವಳು ಮೊದಲು ಓಡಿಬಂದು ಎತ್ತಿಡುತ್ತಿದ್ದದ್ದು ಅದನ್ನೇ. ಆಸ್ಪತ್ರೆಯಿಂದ ಇಬ್ಬರೂ ಬರಿಗೈಯಲ್ಲಿ ವಾಪಸು ಬಂದ ಮೇಲೂ ಎತ್ತಿಡುವುದು ನಿಂತಿರಲಿಲ್ಲ. ಅದರ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

"ಅದನ್ನೇ ಇಳಿಸಿ," ಎಂದಳು. ನಲ್ಲಿ ನಿಲ್ಲಿಸಿ ಎನ್ನುವಷ್ಟೇ ಸಾದಾ ದನಿ.

"ಬೇಡ ಕಣೇ. ಮೇಲಿಂದ ಸ್ಟೂಲ್ ತರ್ತೀನಿ."

"ಸ್ಟೂಲ್ ಅಲ್ಲಾಡತ್ತೆ. ಇದರ ಕಾಲು ಗಟ್ಟಿ ಇದೆ."

ಗಂಡ ಇಳಿಸಿ ನೀರಿನಲ್ಲಿ ನಿಲ್ಲಿಸಿದ. ಅವಳೇ ಪ್ಲಾಸ್ಟಿಕ್ ಬಿಚ್ಚಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

"ಒಂದು ಗೀರೂ ಬಿದ್ದಿಲ್ಲವಲ್ಲ! ಮಗು ದೊಡ್ಡದಾಯ್ತಾ ಅಕ್ಕಾ?"

"ಮೊದಲು ಮೋಟರ್ ಇಡಿ. ಕೈ ನೋಯ್ತಿರತ್ತೆ."

ಅವನು ಮೋಟರನ್ನು ಮಂಚದ ನಡುವೆ ಇಟ್ಟು, ಮೆಟ್ಟಿಲು ಹತ್ತಿ ಸ್ವಿಚ್ ಒತ್ತಿದ. ಮಂಚ ಗಡಗಡ ನಡುಗತೊಡಗಿತು. ಪೈಪಿನಲ್ಲಿ ನೀರು ಏರುತ್ತಿದೆಯೇ ಎಂದು ಅವಳು ನೋಡುತ್ತಿದ್ದಳು. ಗಂಡ ನೀರಿನಲ್ಲಿ ಕಾಲೆಳೆದುಕೊಂಡು ಹೋಗಿ ಎರಡೂ ಕೈಯಿಂದ ಮಂಚದ ಕಂಬಿ ಹಿಡಿದ.

"ಬಿಡಿ ಸಾರ್, ಬೀಳಲ್ಲ," ಎಂದ ಪಂಪಿನವನು ಮೆಟ್ಟಿಲ ಮೇಲಿಂದ.

ಗಂಡ ಬಿಡಲಿಲ್ಲ.