ಜಡೆಯನ ಹೆಸರಿನ ಕಷಾಯ

ಕೇತಮ್ಮನ ಕೈಪಟ್ಟಿ ಬೆಳಿಗ್ಗೆಯೇ ಕೆಂಪಾಗಿತ್ತು. ದುಃಖ ಮಿತಿ ಮೀರಿದರೆ ಯಾರ ಪಟ್ಟಿಯಾದರೂ ಕೆಂಪಾಗುತ್ತದೆ, ಆಮೇಲೆ ವ್ಯಾನ್ ಬರುತ್ತದೆ. ಶಾಂತಿಕೇಂದ್ರಕ್ಕೆ ಹೋದವರು ನಗುತ್ತಾ ವಾಪಸಾಗುತ್ತಾರೆ. ಸತ್ತವರ ಹೆಸರು ಮಾತ್ರ ಅವರಿಗೆ ನೆನಪಿರುವುದಿಲ್ಲ.

ವ್ಯಾನ್ ಕೇತಮ್ಮನ ಪೋಡಿಗೆ, ಕಾಡಂಚಿನ ಆ ಪುಟ್ಟ ಹಟ್ಟಿಗೆ, ಬಂದಾಗ ಮರದ ಕೆಳಗೆ ತೊಗಟೆಯ ಕಷಾಯ ಕುದಿಯುತ್ತಿತ್ತು.

"ಸತ್ತವರ ಹೆಸರಲ್ಲಿ ಇದನ್ನ ಕಾಯಿಸಬಾರದು ಅಂತ ಗೊತ್ತಲ್ವಾ?" ಎಂದಳು ವ್ಯಾನಿನಿಂದ ಇಳಿದ ನರ್ಸ್. "ನಡೀರಿ ಕೇತಮ್ಮ, ಸಂಜೆಯೊಳಗೆ ಎಲ್ಲಾ ಮರೆತುಹೋಗುತ್ತೆ."

"ಜಡೆಯನ್ನ ಮರೆಯೋಕಾ? ನನ್ನ ಗಂಡ ಕಣವ್ವಾ ಅವನು!"

ದುಃಖದಲ್ಲಿರುವವರು ಈ ಕಷಾಯವನ್ನು ಒಬ್ಬರೇ ಕುಡಿಯುವಂತಿಲ್ಲ. ಮೊದಲು ಪೋಡಿನವರೆಲ್ಲ ಒಂದೊಂದು ಗುಟುಕು ಕುಡಿದು, ಸತ್ತವನ ಬಗ್ಗೆ ಒಂದೊಂದು ಮಾತು ಹೇಳಬೇಕು. ಮುದುಕಿ ಮಾದಮ್ಮ ಬೋಗುಣಿ ಎತ್ತಿಕೊಂಡಳು.

"ಜಡೆಯ ಹಾಡಿದ್ರೆ ಜೇನುನೊಣ ಗೂಡು ಬಿಟ್ಟು ಓಡೋವು. ಜೇನು ಕೀಳೋಕೆ ಹೊಗೆನೇ ಬೇಕಿರಲಿಲ್ಲ!"

ಎಲ್ಲರೂ ನಕ್ಕರು. ನಗುತ್ತಲೇ ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವಳ ಪಟ್ಟಿ ಕೆಂಪಾಯಿತು. ಬೋಗುಣಿ ಕೈಯಿಂದ ಕೈಗೆ ದಾಟಿದಂತೆ ಒಂದೊಂದೇ ಪಟ್ಟಿ ಕೆಂಪಾಗುತ್ತಾ ಹೋಯಿತು. ಕೊನೆಗೆ ಕೇತಮ್ಮ ತಳದಲ್ಲಿ ಉಳಿದದ್ದನ್ನು ಕುಡಿದು, ಬಾಯಿ ಒರೆಸಿಕೊಂಡು, ನರ್ಸ್ ಕಡೆ ತಿರುಗಿದಳು.

"ನಿನ್ನ ವ್ಯಾನಲ್ಲಿ ಎಷ್ಟು ಜನ ಹಿಡೀತಾರವ್ವಾ?"