ಕಾರಣದ ಕಾಲಂ

ಬಂದರಿಗೆ ಬಿರುಗಾಳಿ ಬಡಿಯದಂತೆ ಕಟ್ಟಿದ ಗೋಪುರಗಳು ಈ ವರ್ಷ ನಾಲ್ಕನೇ ಸಲ ಚಂಡಮಾರುತವನ್ನು ಮೀನುಗಾರರ ಕೇರಿಯತ್ತ ತಿರುಗಿಸಿದವು.

ತೀರದ ಹವಾಮಾನ ಕೇಂದ್ರದಲ್ಲಿ ಆ ಕೇರಿಯ ವಾರಿಜ ಗಾಳಿಯ ವೇಗವನ್ನು ದಾಖಲೆ ಪುಸ್ತಕದಲ್ಲಿ ವಾಡಿಕೆಯಂತೆ ಪೆನ್ಸಿಲಿನಲ್ಲಿ ಬರೆದಳು. ಮೇಲಧಿಕಾರಿ ಒಪ್ಪಿದ ಮೇಲಷ್ಟೇ ಶಾಯಿ. ಕಿಟಕಿಯಾಚೆ ಅವಳ ಅಮ್ಮ ದೋಣಿಯನ್ನು ತೆಂಗಿನ ಮರಕ್ಕೆ ಬಿಗಿಯುತ್ತಿದ್ದಳು.

ಮೇಲಧಿಕಾರಿ ಸುಧೀಂದ್ರ ಪುಸ್ತಕದ ಮೇಲೆ ಬೆರಳಿಟ್ಟ. “ಕಾರಣದ ಕಾಲಂನಲ್ಲಿ ‘ಪ್ರಕೃತಿ’ ಅಂತ ಶಾಯಿಯಲ್ಲಿ ಬರಿ ಮಾರಾಯ್ತಿ. ಪ್ರಕೃತಿ ಮೇಲೆ ಯಾರೂ ಕೇಸು ಹಾಕೂದಿಲ್ಲ.”

“ಹೋದ ಸಲ ಹಾಗೇ ಬರ್ದೆ ಸರ್. ಮರುದಿನ ಅಪ್ಪಯ್ಯನ ಹೆಣ ಬಂತು.”

“ನೀನು ಬರೆಯದಿದ್ರೆ ಗಾಳಿ ನಿಲ್ತದಾ?”

“ನಿಲ್ಲೂದಿಲ್ಲ. ಇವತ್ತು ಅಮ್ಮನ ಸರದಿ.”

ವಾರಿಜ ಆ ಕಾಲಂನಲ್ಲಿ ‘ಗೋಪುರ’ ಎಂದು ಶಾಯಿಯಲ್ಲೇ ಬರೆದಳು. ಸುಧೀಂದ್ರ ಬ್ಲೇಡು ಚಾಚಿದ. “ಕೆರೆದು ತೆಗಿ.”

“ನಾನು ಕೆರೆಯೂದಿಲ್ಲ. ಬೇಕಾದ್ರೆ ನೀವೇ ಕೆರೀರಿ,” ಎಂದಳು.