ಮುಂದಿನ ಸೀಟಿನ ಹಲೋ

ಟೇಪಿನ ಸ್ಪೀಕರ್ ಟರ್ರ್ ಟರ್ರ್ ಎಂದಿತು. ಮೊಬೈಲ್ ರಿಂಗಾಗುವ ಮೊದಲೇ ಪಕ್ಕದ ಸ್ಪೀಕರಿಗೆ ಸುದ್ದಿ ಮುಟ್ಟುತ್ತಿದ್ದ ಕಾಲ ಅದು. ಹದಿನಾಲ್ಕು ಮಂದಿಯನ್ನು ತುಂಬಿಕೊಂಡು ಮೋರಟಗಿಯಿಂದ ಸಿಂದಗಿಗೆ ಹೊರಟಿದ್ದ ಟ್ರ್ಯಾಕ್ಸ್ ಜೀಪಿನಲ್ಲಿ ಹಾಡು ತೊದಲಿತು, ಅದರ ಹಿಂದೆಯೇ ಡ್ರೈವರ್ ಕಾಂತುವಿನ ಮೊಬೈಲ್ ಬಡಿದುಕೊಳ್ಳತೊಡಗಿತು. ಕಾಂತು ಅದರತ್ತ ತಿರುಗಿಯೂ ನೋಡದೆ, "ಆಯಿ, ತಗೋರಿ" ಎಂದ. ಮುಂದಿನ ಸೀಟಿನಲ್ಲಿದ್ದ ಮುದುಕಿ ಸುಂದರವ್ವ ಉಡಿಯಲ್ಲಿದ್ದ ಬುತ್ತಿಗಂಟನ್ನು ಬದಿಗಿಟ್ಟು, ಎರಡೂ ಕೈಯಿಂದ ಮೊಬೈಲ್ ಎತ್ತಿಕೊಂಡಳು.

ಅದು ಆ ಗಾಡಿಯ ಪದ್ಧತಿ. ಸ್ಟೇರಿಂಗ್ ಹಿಡಿದಾಗ ಕಾಂತು ಫೋನ್ ಮುಟ್ಟುವುದಿಲ್ಲ. ಮುಂದಿನ ಸೀಟಿನಲ್ಲಿ ಯಾರು ಕೂತಿದ್ದಾರೋ ಅವರೇ ಹಲೋ ಅನ್ನಬೇಕು. ಹೀಗಾಗಿ ಅವನು ಯಾರ ಮನೆಯ ಬಸುರಿಯ ಕುಬುಸದ ಕಾರ್ಯಕ್ಕೆ ಬಾಡಿಗೆ ಒಪ್ಪಿಕೊಂಡ, ಗ್ಯಾರೇಜಿನವನಿಂದ ಎಷ್ಟು ಬೈಸಿಕೊಂಡ ಎಂಬುದೆಲ್ಲ ನಾಲ್ಕೂರಿಗೆ ಬಾಯಿಪಾಠ. ಈಗ ಕಿಸೆಗೊಂದು ಫೋನ್ ಬಂದು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ಸಿಡಿಮಿಡಿಗೊಳ್ಳುತ್ತೇವೆ. ಆಗ ಇಡೀ ಗಾಡಿಗೆ ಒಂದೇ ಫೋನು, ಅದು ಬಡಿದರೆ ಹದಿನಾಲ್ಕು ಮಂದಿಯೂ ಕಿವಿ ನಿಮಿರಿಸುತ್ತಿದ್ದರು. ಆ ಚೆಂದ ಈಗ ಹುಡುಕಿದರೂ ಸಿಗುವುದಿಲ್ಲ.

ಆದರೆ ಆ ಪದ್ಧತಿ ಹುಟ್ಟಿದ್ದು ಚೆಂದಕ್ಕಲ್ಲ. ಆರು ತಿಂಗಳ ಹಿಂದೆ, ಹೊಸ ಮೊಬೈಲಿನ ಠೀವಿಯಲ್ಲಿ ಒಂದೇ ಕೈಯಿಂದ ಗಾಡಿ ಹೊಡೆಯುತ್ತ, ಕಾಂತು ಜಾಲಿಗಿಡಕ್ಕೆ ಹೋಗಿ ಗುದ್ದಿದ್ದ. ಗಾಡಿಯಲ್ಲಿದ್ದ ನಾಲ್ಕು ವರ್ಷದ ಮಗಳ ಕೈ ಮುರಿಯಿತು. ಹೆಂಡತಿ ರೇಣುಕಾ ದವಾಖಾನೆಯಿಂದಲೇ ಮಗಳನ್ನು ಎತ್ತಿಕೊಂಡು ತವರೂರು ಮುಳವಾಡಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ. ಕಾಂತು ಎರಡು ಸಲ ಕರೆಯಲು ಹೋದ. ಇನ್ನು ಗಾಡಿ ಹೊಡೆಯುವಾಗ ಫೋನ್ ಮುಟ್ಟಿದರೆ ಕೇಳು ಎಂದು ಮಗಳ ಮೇಲೆ ಆಣೆ ಮಾಡಹೋದರೆ, ಮಗಳ ಮೇಲಂತೂ ಆಣೆ ಬೇಡ ಎಂದು ಬಾಗಿಲಿಂದಲೇ ಕಳಿಸಿದ್ದಳು.

"ಹಲೋ, ಯಾರವಾ?" ಎಂದಳು ಸುಂದರವ್ವ. ಎಂಟು ದಿನದಿಂದ ಬೆಳಗಿನ ಇದೇ ಹೊತ್ತಿಗೆ ಯಾವುದೋ ಕಾಯಿನ್ ಬಾಕ್ಸಿನಿಂದ ಫೋನ್ ಬರುತ್ತಿತ್ತು, ಹಲೋ ಎಂದ ಕೂಡಲೇ ಕಟ್ಟಾಗುತ್ತಿತ್ತು. ಯಾರದೋ ಹುಡುಗಾಟ ಎಂದು ಕಾಂತು ತಲೆ ಕೆಡಿಸಿಕೊಂಡಿರಲಿಲ್ಲ. ಇವತ್ತು ಕಟ್ಟಾಗಲಿಲ್ಲ. ಮುದುಕಿ ಒಂದು ಗಳಿಗೆ ಕೇಳಿಸಿಕೊಂಡು, "ರೇಣುಕಾ ಅಂತೋ ತಮ್ಮಾ" ಎಂದಳು.

ಯಾರೋ ಹಿಂದಿನಿಂದ ಕೈ ಚಾಚಿ ಟೇಪ್ ಬಂದ್ ಮಾಡಿದರು. ಅತ್ತ ಕಡೆಯ ಮಾತನ್ನೆಲ್ಲ ಸುಂದರವ್ವ ಗಟ್ಟಿಯಾಗಿ ಹೇಳುತ್ತ ಹೋದಳು. ಎಂಟೂ ದಿನ ಫೋನ್ ಮಾಡಿದವಳು ರೇಣುಕಾಳೇ ಅಂತೆ. ಒಂದು ದಿನ ಯಾರೋ ಮಾಸ್ತರರಂಥ ದನಿ, ಒಂದು ದಿನ ಕಾಲೇಜು ಹುಡುಗಿಯಂಥ ದನಿ. ಗಂಡನ ದನಿ ಮಾತ್ರ ಒಮ್ಮೆಯೂ ಬರಲಿಲ್ಲವಂತೆ. ಅವರು ಗಾಡಿಯಲ್ಲೇ ಇದ್ದಾರೋ ಇಲ್ಲವೋ, ನಿಜ ಹೇಳಿರಿ ಎಂದು ಕೇಳುತ್ತಿದ್ದಳು.

"ಎರಡೂ ಕೈ ಸ್ಟೇರಿಂಗ್ ಮ್ಯಾಲ ಅದಾವ ನನ್ನವ್ವಾ. ನನ್ನ ಕಣ್ಣಾಣಿ" ಎಂದಳು ಸುಂದರವ್ವ. ಆಮೇಲೆ ಕಾಂತುವಿನ ಕಡೆ ತಿರುಗಿ, "ಒಂದ ರೂಪಾಯಿ ಹಾಕ್ಯಾಳಂತ, ಮತ್ತ ಚಿಲ್ಲರ ಇಲ್ಲಂತ. ನಿನ್ನ ಕೈಯಾಗ ಕೊಡು ಅಂತಾಳ" ಎಂದಳು.

ಒಂದು ರೂಪಾಯಿಗೆ ಒಂದೇ ನಿಮಿಷ. ಅರ್ಧ ಆಗಲೇ ಮುಗಿದಿತ್ತು. ಎದುರಿಗೆ ಎರಡು ಟ್ರಾಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು, ರಸ್ತೆಯ ಎರಡೂ ಬದಿಗೆ ಎರೆಮಣ್ಣಿನ ಇಳಿಜಾರು. ಹಳ್ಳದ ಸೇತುವೆ ದಾಟುವ ತನಕ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಹಿಂದಿನಿಂದ ಗೌಂಡಿ ಕೆಲಸದ ರಸೂಲಸಾಬ, ಇದೊಂದು ಸಲ ತಗೋ ಮಾರಾಯ, ನಾವ್ಯಾರೂ ಏನೂ ಅನ್ನುವುದಿಲ್ಲ ಎಂದ. ಉಳಿದವರೂ ಹೂಂಗುಟ್ಟಿದರು. ಆರು ತಿಂಗಳಿಂದ ಆ ದನಿಗಾಗಿ ಬಾಯಿಬಾಯಿ ಬಿಡುತ್ತಿದ್ದವನು ಕಾಂತು. ಅವನ ಎಡಗೈ ಸ್ಟೇರಿಂಗ್ ಬಿಟ್ಟು ಮುದುಕಿಯ ಕಡೆ ಅರ್ಧ ಬಂತು. ಬಂದದ್ದು ಅಲ್ಲೇ ನಿಂತು, ಮತ್ತೆ ಸ್ಟೇರಿಂಗ್ ಹಿಡಿಯಿತು.

"ನಿಂದ್ರಸ್ತೇನಿ ಅನ್ರಿ ಆಯಿ" ಎಂದ. "ಒಂಚೂರು ತಡಿ ಅನ್ರಿ."

ಟ್ರ್ಯಾಕ್ಟರ್ ದಾಟಿತು. ಸೇತುವೆ ದಾಟಿತು. ಕಾಂತು ಗಾಡಿಯನ್ನು ಬದಿಗೆ ಇಳಿಸಿ ಕೀಲಿ ತಿರುವಿ, ಫೋನ್ ಕಿವಿಗೊತ್ತಿ "ರೇಣುಕಾ" ಎಂದ. ಫೋನ್ ಕಟ್ಟಾಯಿತು. ಕಾಂತು ಕೆಳಗಿಳಿದು, ಬಂದ ನಂಬರಿಗೇ ತಿರುಗಿ ಹಚ್ಚಿದ. ಬಹಳ ಹೊತ್ತು ಬಡಿದ ಮೇಲೆ ಮುಳವಾಡದ ಕಿರಾಣಿ ಅಂಗಡಿಯವನು ಎತ್ತಿದ. ಈಗ ಮಾತಾಡಿದ ಹೆಣ್ಣುಮಗಳು ಇದ್ದಾಳೇನು ಎಂದು ಕಾಂತು ಕೇಳಿದ. ಹೋದಳು ಎಂದ ಅವನು. ಏನಾದರೂ ಅಂದಳೇನು ಎಂದ ಕಾಂತು.

"ನನಗೇನ್ ಹೇಳ್ಲಿಲ್ರಿ" ಎಂದ ಅಂಗಡಿಯವನು. "ಫೋನ್ ಹಿಡ್ಕೊಂಡು, ಎಂಜಿನ್ ಬಂದ್ ಆತು, ಎಂಜಿನ್ ಬಂದ್ ಆತು ಅನಕೋತ ಕಣ್ಣ ಒರಸ್ಕೊಂಡ್ಳು. ಮತ್ತ ಸಿಂದಗಿ ಬಸ್ ಎಷ್ಟಕ್ಕೈತಿ ಅಂತ ಕೇಳಿ, ಓಡಿ ಹ್ವಾದ್ಳು."